ಬಾವುಟ ಹಿಡಿದ ಕೈ

ಡಿಸೆಂಬರ್ 7, ಶನಿವಾರ

ಬೆಳಿಗ್ಗೆ ಏಳಕ್ಕೆ ಸ್ಕೀ ಜಿಗಿತದ ಗುಡ್ಡ. ಚಹಾದ ಫ್ಲಾಸ್ಕು ಕಾರಿನಲ್ಲೇ ಮರೆತೆ. ಜಾರುದಾರಿಯ ಹಿಮ ಗಟ್ಟಿಯಾಗಿದೆ, ಒಳ್ಳೆಯದು. ಹುಡುಗಿಯರು ಆರೂ ಜನ ಬಂದಿದ್ದರು. ಗಾಳಿ ಇಲ್ಲವೆಂದೇ ಹೇಳಬೇಕು. ಗಾಳಿಯ ದಿಕ್ಕು ತೋರಿಸಲು ಇಳಿಜಾರಿನ ಉದ್ದಕ್ಕೂ ಕಂಬಗಳಿಗೆ ಕಟ್ಟಿದ ಬಟ್ಟೆಪಟ್ಟಿಗಳು ಒದ್ದೆ ಟವೆಲ್ಲಿನ ಹಾಗೆ ನೇತಾಡುತ್ತಿದ್ದವು.

ಆದರೂ ಕೈ ನಿಂತಿತು.

ಮೇಲೆ, ಜಾರುದಾರಿಯ ತುದಿಗೆ ಅಡ್ಡ ಹಾಕಿದ ಕಂಬಿಯ ಮೇಲೆ ತಿಂಕಾರಾ ಕೂತಿದ್ದಳು. ಹಸಿರು ಲೈಟು ಬಂತು. ನಾನು ಪಕ್ಕದ ಕೋಚ್‌ಗಳ ಅಟ್ಟಣೆಯಲ್ಲಿ, ಬಾವುಟ ಎತ್ತಿಕೊಂಡು. ಗಾಳಿ ನೋಡಿ ಬಾವುಟ ಇಳಿಸಬೇಕು, ಆಗ ಅವಳು ಕಂಬಿ ಬಿಟ್ಟು ಜಾರಬೇಕು. ಇಷ್ಟೇ ಕೆಲಸ. ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ. ಗಾಳಿ ನೋಡಿದೆ, ಇಲ್ಲ. ಮತ್ತೆ ನೋಡಿದೆ, ಇಲ್ಲ. ಕೈ ಮೇಲೆಯೇ ಇತ್ತು. ಯಾರದೋ ಕೈಯ ಹಾಗೆ.

ಕೊನೆಗೆ ಇಳಿಯಿತು. ಚೆನ್ನಾಗಿಯೇ ಹಾರಿದಳು. ಸ್ಕೀ ಹೆಗಲ ಮೇಲಿಟ್ಟುಕೊಂಡು ಲಿಫ್ಟಿನ ಹತ್ತಿರ ಬಂದವಳು, "ಏನ್ ಕೋಚ್, ಅಲ್ಲೇ ನಿದ್ದೆ ಹೊಡೆದ್ರಾ? ನನ್ನ ಕುಂಡೆ ಕಂಬಿಗೆ ಅಂಟ್ಕೊಂಡೇ ಬಿಡ್ತು" ಅಂದಳು.

ತೋಳು ಹಿಡಿದುಕೊಂಡಿತ್ತು ಅಂದೆ. ಸುಳ್ಳು.

ಡಿಸೆಂಬರ್ 9

ಇದು ಇದ್ದಕ್ಕಿದ್ದಂತೆ ಬಂದದ್ದಲ್ಲ. ನನಗೆ ನಾನೇ ಹಾಗೆ ಹೇಳಿಕೊಳ್ಳಬಾರದು.

ನವೆಂಬರಿನಲ್ಲಿ ಸಂತ ಮಾರ್ಟಿನನ ಹಬ್ಬದ ಊಟ. ಹೆಬ್ಬಾತು, ಕೆಂಪು ಕೋಸು, ಹೊಸ ವೈನು. ಕ್ಲಬ್ಬಿನವರೆಲ್ಲ ಇದ್ದರು. ನನ್ನ ಪಕ್ಕ ವಿಂಕೋ ಮೇಷ್ಟ್ರು. ನಾನು ದೊಗಳೆ ಸೂಟು ಹಾಕಿಕೊಂಡು ಮಕ್ಕಳ ಗುಡ್ಡ ಹಾರುತ್ತಿದ್ದ ಕಾಲದಿಂದ ನನ್ನ ಕೋಚ್. ಈಗ ಎಂಬತ್ತರ ಹತ್ತಿರ. ವೈನು ಮುಗಿಸಿ, ಯಾರೂ ಏನೂ ಕೇಳದೆ, ನನ್ನ ಎಡ ಮೊಣಕಾಲು ತಟ್ಟಿ ಅಂದರು, "ಅವತ್ತು ಪಟ್ಟಿ ತಿರುಗಿದ್ದು ನಂಗೆ ಕಾಣಿಸ್ತು ಕಣೇ ಯೆರ್ನೆಯಾ."

ಅಷ್ಟರಲ್ಲಿ ಅವರ ಮಗಳು ಕೋಟು ಹಿಡಿದು ಬಂದಳು. ಕರೆದುಕೊಂಡು ಹೋದಳು. ನಾನು ಕೋಸು ತಿಂದೆ.

ಅವತ್ತು ಎಂದರೆ ಯಾವತ್ತು ಎಂದು ನಾನು ಕೇಳಬೇಕಿರಲಿಲ್ಲ. ನನ್ನ ಮೊಣಕಾಲಿಗೆ ಒಂದೇ "ಅವತ್ತು" ಇದೆ. ಇಪ್ಪತ್ತು ವರ್ಷದ ಹಿಂದಿನ ಮಾರ್ಚ್. ನಮ್ಮ ದೊಡ್ಡ ಗುಡ್ಡದಲ್ಲಿ ಗಂಡಸರ ಸ್ಪರ್ಧೆ. ನಾನು ಮುಂಜಿಗಿತಕ್ಕೆ ಹೋಗಿದ್ದೆ — ಸ್ಪರ್ಧೆ ಶುರುವಾಗುವ ಮೊದಲು ದಾರಿ ಸರಿಯಿದೆಯೇ, ಗಾಳಿ ಹೇಗಿದೆ ಎಂದು ತಿಳಿಯಲು ಕೆಲವರನ್ನು ಹಾರಿಸುತ್ತಾರಲ್ಲ, ಆ ಕೆಲಸ. ಆ ಜಿಗಿತ ಲೆಕ್ಕಕ್ಕಿಲ್ಲ. ಎಷ್ಟು ದೂರ ಹಾರಿದರೂ ಫಲಿತಾಂಶದಲ್ಲಿ ಹೆಸರಿಲ್ಲ. ನನ್ನ ಜಿಗಿತದ ಬದುಕು ಬಹುಪಾಲು ಅದೇ. ಹೆಂಗಸರಿಗೆ ಸ್ಪರ್ಧೆಗಳೇ ನಾಲ್ಕಾರು. ಉಳಿದಂತೆ ಗಂಡಸರಿಗಿಂತ ಮುಂಚೆ ಹಾರಿ, ಚಪ್ಪಾಳೆ ಬರುವ ಮೊದಲೇ ಬದಿಗೆ ಸರಿದು ನಿಲ್ಲುವುದು. ಅದರಲ್ಲೇ ಖುಷಿಯಿತ್ತು. ನಿಜವಾಗಿಯೂ ಇತ್ತು. ಗುಡ್ಡ ದೊಡ್ಡದು, ಆಕಾಶ ಎಲ್ಲರಿಗೂ ಒಂದೇ ಅಂದುಕೊಂಡಿದ್ದೆ.

ಅವತ್ತು ಜಾರುದಾರಿ ಮುಗಿಯುವ ಅಂಚು ಬಿಟ್ಟು ಹಾರಿದ್ದು ನೆನಪಿದೆ. ಅಡಿಯಲ್ಲಿ ಗಾಳಿ ಇತ್ತು. ಆಮೇಲೆ ಇರಲಿಲ್ಲ. ಯಾರೋ ಕೆಳಗಿನಿಂದ ಕಂಬಳಿ ಎಳೆದುಕೊಂಡ ಹಾಗೆ.

ಗಾಳಿಯ ತಪ್ಪು ಅಂದರು ಎಲ್ಲರೂ. ನಾನೂ ಅಂದೆ. ಬಿದ್ದು ಮುರಿದ ಮೊಣಕಾಲಿಗೆ ಎರಡು ಸಲ ಆಪರೇಶನ್ನು, ಆಮೇಲೆ ಎರಡು ಚಳಿಗಾಲ ಕುಂಟುತ್ತ ಹಾರಿ ಬಿಟ್ಟುಬಿಟ್ಟೆ. ಹೆಂಗಸರಿಗೆ ಒಲಿಂಪಿಕ್ಸ್ ಬಾಗಿಲು ತೆರೆದಾಗ ನನಗೆ ಮೂವತ್ತನಾಲ್ಕು. ಸೋಫಾದ ಮೇಲೆ ಕೂತು ನೋಡಿದೆ. ಸಂತೋಷಪಟ್ಟೆ. ಪಟ್ಟೆ ಎಂದೇ ನೆನಪು.

ಈಗ ಈ ಮಾತು. ಪಟ್ಟಿ ತಿರುಗಿದ್ದು ಕಾಣಿಸಿತ್ತು. ತಿರುಗಿತೆಂದರೆ ಹಿಂಗಾಳಿ; ಮುಂದಿನ ಗಾಳಿ ಎತ್ತಿ ಹಿಡಿಯುತ್ತದೆ, ಹಿಂದಿನದು ಕೆಳಕ್ಕೆ ಒತ್ತುತ್ತದೆ. ಅವತ್ತು ಬಾವುಟ ಹಿಡಿದಿದ್ದವರು ಮೇಷ್ಟ್ರೇ. ಕಾಣಿಸಿಯೂ ಇಳಿಸಿದರೇ?

ಡಿಸೆಂಬರ್ 13

ಇವತ್ತು ಎರಡು ಸಲ ತಡವಾಯಿತು. ಬೇರೆ ಹುಡುಗಿಯರಿಗೂ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು.

ಮನೆಗೆ ಬಂದು ಉರ್ಬಾನ್‌ಗೆ ಹೇಳಿದೆ. ಆಲೂಗಡ್ಡೆ ಸುಲಿಯುತ್ತಿದ್ದ. "ನೋವು ಕೈಗೋ, ತಲೆಗೋ?" ಅಂದ. ಗಂಡ ಭೂಗೋಳದ ಮೇಷ್ಟ್ರಾದರೆ ಹೀಗೆ, ಮೊದಲು ದಿಕ್ಕು ಕೇಳುತ್ತಾನೆ.

"ವಿಂಕೋ ಮುದುಕರನ್ನೇ ಹೋಗಿ ಕೇಳು ಮಾರಾಯ್ತಿ. ಕೇಳಿದ್ರೆ ಮುಗೀತು."

"ಮುಗಿಯದಿದ್ದರೆ?"

"ಆಗ ಬಂದು ನಂಗೆ ಬೈ. ಅಭ್ಯಾಸ ಇದೆ."

ಹೋಗಲಿಲ್ಲ. ಅವರು ನನಗೆ ಸ್ಕೀ ಕಟ್ಟಿಕೊಳ್ಳಲು ಕಲಿಸಿದವರು. ಗಂಡುಹುಡುಗರ ಕ್ಲಬ್ಬಿಗೆ ಹೆಣ್ಣು ಬೇಡ ಎಂದಾಗ ಜಗಳವಾಡಿ ಸೇರಿಸಿಕೊಂಡವರು. ಕೇಳಿದರೆ ಇವೆಲ್ಲ ಏನಾಗುತ್ತದೆ?

ಡಿಸೆಂಬರ್ 21, ಶನಿವಾರ. ಆಸ್ಟ್ರಿಯಾ. ಬಸ್ಸಿನಲ್ಲಿ

ಆಯಿತು. ಯಾವುದಕ್ಕೆ ಹೆದರಿದ್ದೆನೋ ಅದೇ.

ತಿಂಕಾರಾ ಅಭ್ಯಾಸದ ಜಿಗಿತದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಫೆಬ್ರವರಿಯ ಜೂನಿಯರ್ ವಿಶ್ವ ಸ್ಪರ್ಧೆಗೆ ನಮ್ಮ ದೇಶದಿಂದ ಮೂವರು. ಇಬ್ಬರು ಖಚಿತ. ಮೂರನೆಯದು ಇವತ್ತು ಇವಳದಾಗಬೇಕಿತ್ತು. ಹದಿನೇಳು ವರ್ಷ. ಮುಂದಿನ ವರ್ಷದ ಮಾತು ಯಾರಿಗೆ ಗೊತ್ತು, ಈ ಆಟದಲ್ಲಿ ಒಂದು ವರ್ಷಕ್ಕೆ ಮೈ ಬದಲಾಗಿಬಿಡುತ್ತದೆ.

ಹಸಿರು ಬಂತು. ಬಿಸಿಲು. ಗಾಳಿ ಸರಿಯಾಗಿತ್ತು, ಮುಂದಿನಿಂದ, ಮೆತ್ತಗೆ. ನಾನು ಬಾವುಟ ಇಳಿಸಲಿಲ್ಲ. ಅಟ್ಟಣೆಯಲ್ಲಿ ಪಕ್ಕದ ದೇಶದ ಕೋಚ್ ತನ್ನ ಭಾಷೆಯಲ್ಲಿ ಏನೋ ಕೂಗಿದ. ಮೇಲೆ ಅವಳ ಹೆಲ್ಮೆಟ್ಟು ನನ್ನ ಕಡೆಗೇ ತಿರುಗಿತ್ತು. ಬಾವುಟ ಇಳಿಯದೆ ಹೊರಡಬಾರದು ಎಂದು ಕಲಿಸಿದವಳು ನಾನೇ. ಅವಳು ಹೊರಡಲಿಲ್ಲ. ಲೈಟು ಕೆಂಪಾಯಿತು. ಹಸಿರಿನ ಸಮಯ ಮುಗಿದರೆ ಸ್ಪರ್ಧೆಯಿಂದ ಹೊರಗೆ. ತೀರ್ಪುಗಾರರ ಹತ್ತಿರ ಹೋಗಿ ಬೇಡಿಕೊಂಡೆ. ಆಗುವುದಿಲ್ಲ ಅಂದರು. ಅದೂ ಸರಿಯೇ.

ಮೆಟ್ಟಿಲಿಳಿದು ಬಂದಳು.

"ಗಾಳಿ ಇತ್ತಾ?"

"ಇಲ್ಲ."

"ಮತ್ತೆ?"

ಏನೂ ಹೇಳಲಿಲ್ಲ. ಅವಳು ಕಾದಳು. ಆಮೇಲೆ ಕೈಚೀಲ ಎತ್ತಿಕೊಂಡು ಬಸ್ಸಿನ ಹಿಂದಿನ ಸೀಟಿಗೆ ಹೋದಳು. ಈಗಲೂ ಅಲ್ಲೇ ಇದ್ದಾಳೆ. ಜಾಕೆಟ್ಟಿನ ಟೋಪಿ ಮುಖದ ಮೇಲೆ.

ಅವಳ ತಾಯಿ ದಾರಿಂಕಾ ಫೋನು ಮಾಡಿದಳು. "ಯೆರ್ನೆಯಾ, ಅಲ್ಲಿ ಕೂತ್ಕೊಂಡು ಬರೋಕೆ ನನ್ನ ಮಗಳು ಬೆಳಗಾಗೋ ಮುಂಚೆ ಎದ್ದು ಹೋಗಿದ್ದಾ? ಕೂರೋಕೆ ನಮ್ಮನೇಲೂ ಬೆಂಚಿದೆಯಲ್ಲ."

ಜನವರಿ 3

ಬರೆಯಲು ಆಗಿರಲಿಲ್ಲ. ಕ್ರಿಸ್ಮಸ್ಸು ಹೇಗೋ ಕಳೆಯಿತು. ವಾಲ್‌ನಟ್ ಹಾಕಿದ ಸುರುಳಿ ಬ್ರೆಡ್ಡು ಮಾಡಿದೆ, ಒಡೆಯಿತು.

ಇವತ್ತು ಬೋಶ್ತ್ಯಾನ್ ಫೋನು. ತಂಡ ಆರಿಸುವವನು ಅವನೇ. ಒಳ್ಳೆಯವನು, ಮಾತು ಮಾತ್ರ ಜಾಸ್ತಿ. ಮೂರನೆಯ ಜಾಗ ಇನ್ನೂ ತುಂಬಿಲ್ಲವಂತೆ. ಹದಿನೆಂಟು, ಹತ್ತೊಂಬತ್ತಕ್ಕೆ ನಮ್ಮ ದೊಡ್ಡ ಗುಡ್ಡದಲ್ಲೇ ಗಂಡಸರ ಸ್ಪರ್ಧೆ ಇದೆ.

"ಅಲ್ಲಿ ಮುಂಜಿಗಿತಕ್ಕೆ ತಿಂಕಾರಾನ ಹಾಕ್ತೀನಿ. ಲೆಕ್ಕಕ್ಕಿಲ್ಲ ನಿಜ. ಆದ್ರೆ ನಾನು ನೋಡ್ತೀನಲ್ಲ. ಚೆನ್ನಾಗಿ ಹಾರಿದ್ರೆ ಅವಳೇ."

ಮುಂಜಿಗಿತ.

"ಕೇಳ್ತಿದೀಯಾ? ಬಾವುಟ ಬೇಕಾದ್ರೆ ನಾನು ಹಿಡೀತೀನಿ. ನಿನಗೆ ಕಷ್ಟ ಆಗೋದಾದ್ರೆ."

ಸಂಜೆ ಕ್ಲಬ್ಬಿನಲ್ಲಿ ತಿಂಕಾರಾಳಿಗೆ ಹೇಳಿದೆ. ಸ್ಕೀಗೆ ಮೇಣ ಉಜ್ಜುತ್ತಿದ್ದಳು. ಆಸ್ಟ್ರಿಯಾದಿಂದ ಬಂದ ಮೇಲೆ ನನ್ನ ಜೊತೆ ಬೇಕಾದಷ್ಟೇ ಮಾತು.

"ಬಾವುಟ ಬೋಶ್ತ್ಯಾನ್ ಕೈಗಾ? ಯಾರಾದ್ರೂ ಫೋನ್ ಮಾಡಿದ್ರೆ ಬಾವುಟನೇ ಕಿವಿಗಿಟ್ಕೋತಾರೆ."

ನಗಬೇಕು ಅನ್ನಿಸಿತು. ಅವಳು ನಗಲಿಲ್ಲ.

"ಕೋಚ್, ಅಲ್ಲಿ ಮೇಲೆ ಕೂತಾಗ ಬೇರೇನೂ ಕಾಣಲ್ಲ. ನಿಮ್ಮ ಕೈ ಎಷ್ಟು ದೊಡ್ಡದಾಗಿ ಕಾಣುತ್ತೆ ಗೊತ್ತಾ?"

ಗೊತ್ತು.

ಜನವರಿ 11, ಶನಿವಾರ

ವಿಂಕೋ ಮೇಷ್ಟ್ರ ಮನೆಯಲ್ಲಿ ಹಂದಿ ಕಡಿಯುವ ದಿನ. ಪ್ರತಿ ಜನವರಿಯಲ್ಲಿ ಕ್ಲಬ್ಬಿನ ಅರ್ಧ ಜನ ಅಲ್ಲೇ. ಅಂಗಳದಲ್ಲಿ ಹಬೆ, ಬೆಳ್ಳುಳ್ಳಿ, ಮರುಗದ ವಾಸನೆ. ನನ್ನನ್ನೂ ಅವರನ್ನೂ ರಕ್ತದ ಸಾಸೇಜು ತುಂಬಲು ಕೂರಿಸಿದರು. ಅವರು ಯಂತ್ರದ ಹಿಡಿ ತಿರುಗಿಸುವುದು, ನಾನು ತುದಿಯಲ್ಲಿ ಕರುಳು ಹಿಡಿಯುವುದು. ಸುತ್ತ ಗದ್ದಲ, ಹತ್ತಿರ ಯಾರೂ ಇಲ್ಲ. ಕೇಳಿದೆ.

"ಮೇಷ್ಟ್ರೇ, ಅವತ್ತು ಏನು ಕಾಣಿಸ್ತು ನಿಮಗೆ?"

"ಯಾವತ್ತು?"

"ಮಾರ್ಟಿನನ ಹಬ್ಬದಲ್ಲಿ ನೀವೇ ಹೇಳಿದ್ರಿ."

"ಕುಡಿದಿದ್ದೆ."

"ಕುಡಿದಾಗ ಸುಳ್ಳು ಹೇಳೋರಲ್ಲ ನೀವು."

"ಕುಡೀದೇ ಇದ್ದಾಗ ಹೇಳ್ತೀನಿ ಅಂತಾಯ್ತು." ಒಬ್ಬರೇ ನಕ್ಕರು. "ಗಟ್ಟಿಯಾಗಿ ಹಿಡಿಯೇ. ಗಾಳಿ ಸೇರ್ಕೊಂಡ್ರೆ ಕುದಿಯೋವಾಗ ಒಡೆಯುತ್ತೆ."

ಹಿಡಿದೆ. ಎರಡು ಸುತ್ತು ತಿರುಗಿಸಿ ನಿಲ್ಲಿಸಿದರು. ನನ್ನನ್ನು ನೋಡಲಿಲ್ಲ.

"ಕೆಳಗಿನ ಪಟ್ಟಿ ತಿರುಗಿತ್ತು. ಹಿಂಗಾಳಿ. ಮೇಲಿಂದು ಸರಿಯಾಗೇ ಇತ್ತು, ಲೈಟೂ ಹಸಿರು. ರೇಡಿಯೋದಲ್ಲಿ ಸ್ಪರ್ಧೆ ನಡೆಸೋನು ಕೂಗ್ತಿದ್ದ. ಒಬ್ಬರನ್ನ ಬಿಡಿ, ಗಾಳಿ ಹೇಗಿದೆ ತಿಳೀಲಿ, ಟೀವಿಯೋರು ಕಾಯ್ತಿದಾರೆ ಅಂತ."

"ಹೇಗಿದೆ ಅಂತ ನಿಮಗೆ ಕಾಣ್ತಿತ್ತಲ್ಲ."

"ಕಾಣ್ತಿತ್ತು."

"ಮತ್ತೆ?"

"ಮತ್ತೇನೇ? ಮುಂಜಿಗಿತದೋರನ್ನ ಕೂರಿಸೋದೇ ಅದಕ್ಕಲ್ವಾ? ಯಾರಾದ್ರೂ ಮೊದಲು ಹೋಗಲೇಬೇಕಿತ್ತು. ಹುಡುಗರಿಗೆ ಮರುವಾರವೇ ದೊಡ್ಡ ಸ್ಪರ್ಧೆ ಇತ್ತು."

"ನನಗೆ?"

ಆಗ ನೋಡಿದರು. ಕೊಂಕಿಲ್ಲ, ಸಿಟ್ಟಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದ ಹಾಗೆ, "ನಿನಗೇನಿತ್ತು?" ಅಂದರು.

ಯೋಚಿಸಿದೆ. ಏನೂ ಇರಲಿಲ್ಲ. ಆ ಮಾರ್ಚಿನಲ್ಲಿ ನನಗೆ ಮುಂದೆ ಒಂದು ಸ್ಪರ್ಧೆಯೂ ಇರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ಅವರ ಮಗಳು ಬಂದು, "ಏನಪ್ಪಾ, ಕೂತು ಹರಟೆ ಹೊಡೀತಾ ಇದೀರಾ, ಅಲ್ಲಿ ನೀರು ಕುದೀತಿದೆ" ಅಂದಳು. ಮತ್ತೆ ಹಿಡಿ ತಿರುಗಿತು. ಹೊರಡುವಾಗ ಒಂದು ಮಾಲೆ ಸಾಸೇಜು ಪೇಪರಿನಲ್ಲಿ ಸುತ್ತಿ ಕೊಟ್ಟರು. ತೆಗೆದುಕೊಂಡೆ. ಥ್ಯಾಂಕ್ಸ್ ಕೂಡ ಹೇಳಿದೆ.

ಜನವರಿ 12

ಸಾಸೇಜು ಕರಿದು ತಿಂದೆವು. ಚೆನ್ನಾಗಿತ್ತು. ಅದಕ್ಕೇ ಅಳು ಬಂತೋ ಏನೋ.

ಉರ್ಬಾನ್ ಬೈಯಿಸಿಕೊಳ್ಳಲು ತಯಾರಾಗಿ ಕೂತಿದ್ದ.

ಮೇಷ್ಟ್ರು ಕೆಟ್ಟವರಲ್ಲ. ಇದು ಪೂರ್ತಿ ನಿಜ. ಕಂಡದ್ದನ್ನು ಕಂಡೆ ಅಂದರು. ನನಗೆ ಬೇಕಾಗಿದ್ದು ಅವರು ನೋಡಿರಲಿಲ್ಲ ಎಂಬ ಉತ್ತರ. ಮೂಗು ಒರೆಸಿಕೊಳ್ಳುತ್ತಿದ್ದರು, ಬಿಸಿಲು ಕಣ್ಣಿಗೆ ಹೊಡೆಯಿತು, ಏನಾದರೂ.

ಈಗ ಇದೇ ಕೆಲಸಕ್ಕೆ ಇದೇ ಗುಡ್ಡದಲ್ಲಿ ನಾನು ತಿಂಕಾರಾಳನ್ನು ಕಳಿಸಬೇಕು. ಅವಳಿಗೆ ಫೆಬ್ರವರಿ ಇದೆ. ನನಗೆ ಇರಲಿಲ್ಲ, ಅವಳಿಗೆ ಇದೆ — ಇದನ್ನು ಹಿಡಿದುಕೊಳ್ಳುತ್ತೇನೆ. ಆದರೆ ರೇಡಿಯೋದವರಿಗೆ ಇದು ಗೊತ್ತೇ?

ಜನವರಿ 18, ಶನಿವಾರ, ಮಧ್ಯಾಹ್ನ

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಸ್ಪರ್ಧೆ ಇನ್ನೂ ನಡೆಯುತ್ತಿದೆ, ಚಪ್ಪಾಳೆ ಕೇಳುತ್ತಿದೆ.

ಬೆಳಿಗ್ಗೆಯಿಂದ ಗಾಳಿ ಆಟವಾಡುತ್ತಿತ್ತು. ಲೈಟು ಹಸಿರು, ಹಳದಿ, ಮತ್ತೆ ಕೆಂಪು. ಕಂಬಿಯ ಮೇಲೆ ತಿಂಕಾರಾ, ಮೊದಲನೆಯವಳು. ಕೆಳಗೆ ಜನ ಕಾಲು ಕುಟ್ಟುತ್ತಿದ್ದರು ಚಳಿಗೆ. ಹಸಿರಾಯಿತು. ಮೇಲಿನ ಪಟ್ಟಿ ಸರಿ, ನಡುವಿನದು ಸರಿ. ಕೆಳಗಿನದು ನಿಧಾನ ತಿರುಗಿ ಬೆಟ್ಟದ ಕಡೆಗೆ ಬೆನ್ನು ಹಾಕಿತು. ಹಿಂಗಾಳಿ.

ಕೈ ಇಳಿಯಲಿಲ್ಲ.

ರೇಡಿಯೋ. ಸ್ಪರ್ಧೆ ನಡೆಸುವವನ ದನಿ. "ಅಟ್ಟಣೆ, ಏನಾಯ್ತು?"

"ಕೆಳಗೆ ಗಾಳಿ ತಿರುಗಿದೆ."

"ಲೈಟು ಹಸಿರಿದೆಯಲ್ಲಮ್ಮ!"

"ಪಟ್ಟಿ ನೋಡಿ."

"ಹೇಗಿದೆ ಅಂತ ತಿಳಿಯೋಕೇ ಅಲ್ವಾ ಅವಳನ್ನ ಕೂರಿಸಿರೋದು? ಬಿಡಿ ಬೇಗ!"

ಮೇಷ್ಟ್ರು ಹೇಳಿದ ಅದೇ ಮಾತು. ಬೇರೆ ಮನುಷ್ಯ, ಚಿಕ್ಕ ವಯಸ್ಸು, ಪಾಪ ಅವನಿಗೂ ಚಳಿ. "ಬಿಡಲ್ಲ" ಅಂದೆ. ಕೆಂಪಾಯಿತು. ತಿಂಕಾರಾಳನ್ನು ಕಂಬಿಯಿಂದ ಇಳಿಸಿದರು.

ಆಮೇಲೆ ಇನ್ನೊಂದು ಕ್ಲಬ್ಬಿನ ಮುಂಜಿಗಿತದವನು ಕೂತ. ಅವನ ಕೋಚ್ ಬಾವುಟ ಇಳಿಸಿದ. ಕೆಳಗಿನ ಪಟ್ಟಿ ಆಗಲೂ ಹಾಗೆಯೇ ಇತ್ತು, ನಾನು ನೋಡಿದೆ. ಅವನು ಹಾರಿದ. ದೂರ ಹೋದ. ಎಷ್ಟು ಚೆನ್ನಾಗಿ ಇಳಿದನೆಂದರೆ ಜನ ಲೆಕ್ಕಕ್ಕಿಲ್ಲದ ಜಿಗಿತಕ್ಕೂ ಕೂಗಿದರು.

ಹಾಗಾದರೆ? ಆಸ್ಟ್ರಿಯಾದಲ್ಲಿ ಗಾಳಿ ಇರಲಿಲ್ಲ, ಕೈ ನಿಂತಿತು. ಅದು ಭಯ. ಇವತ್ತು ಗಾಳಿ ಇತ್ತು, ಕೈ ನಿಂತಿತು. ಇದು ಕಣ್ಣು ಎಂದು ನಾನು ಹೇಳುತ್ತೇನೆ. ಹೊರಗಿನವರಿಗೆ ಎರಡೂ ಒಂದೇ ಕೈ. ನನಗೂ, ಪ್ರಾಮಾಣಿಕವಾಗಿ... ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ತೋರಿಸು ಅಂದರೆ ತೋರಿಸಲಾರೆ.

ಬೋಶ್ತ್ಯಾನ್ ಬಂದು ಕಾರಿನ ಕಿಟಕಿ ತಟ್ಟಿದ. ಬಯ್ಯಲಿಲ್ಲ, ಅದೇ ಕಷ್ಟ. "ನಾಳೆ ಒಂದು ಅವಕಾಶ ಕೊಡಿಸಿದೀನಿ. ಕೊನೇದು. ಬಾವುಟ ನೀನೋ ನಾನೋ, ಬೆಳಗ್ಗೆ ಹೇಳು. ಆದ್ರೆ ನೀನು ಹಿಡಿದು ಮತ್ತೆ ಹೀಗಾದ್ರೆ, ಯೆರ್ನೆಯಾ, ಹುಡುಗಿ ಕೈ ತಪ್ಪಿ ಹೋಗ್ತಾಳೆ. ನಿನ್ನ ಕೆಲಸಾನೂ."

ತಿಂಕಾರಾ ತಾಯಿಯ ಕಾರಿನಲ್ಲಿ ಹೋದಳು. ಕೈ ಕೂಡ ಬೀಸಲಿಲ್ಲ.

ಜನವರಿ 19, ಭಾನುವಾರ, ಬೆಳಿಗ್ಗೆ

ಬಾವುಟ ಬೋಶ್ತ್ಯಾನ್‌ಗೇ ಕೊಡುವುದೆಂದು ತೀರ್ಮಾನಿಸಿದ್ದೆ. ಫೋನು ಕೈಗೆತ್ತಿಕೊಂಡಿದ್ದೆ. ಬಾಗಿಲು ಬಡಿಯಿತು. ತಿಂಕಾರಾ, ಟೋಪಿ ಕಿವಿಯವರೆಗೆ. ಒಳಗೆ ಬಾ ಅಂದರೆ ಬೂಟು ಬಿಚ್ಚಲು ಬೇಜಾರು ಅಂದಳು. ಹೊಸ್ತಿಲಲ್ಲೇ ಮಾತು.

"ನಿನ್ನೆ ವಿಡಿಯೋ ನೋಡಿದೆ. ಆ ಪಟ್ಟಿ ತಿರುಗಿತ್ತು."

"ಹೌದು."

"ಆದ್ರೂ ನಾನು ಹಾರಬಹುದಿತ್ತು ಅನ್ಸುತ್ತೆ. ಅವನು ಹಾರಿದ್ನಲ್ಲ."

"ಇರಬಹುದು."

ಬೂಟನ್ನು ಮೆಟ್ಟಿಲಿಗೆ ಒದ್ದು ಹಿಮ ಉದುರಿಸಿದಳು.

"ಬೋಶ್ತ್ಯಾನ್ ಹತ್ರ ಬಾವುಟ ಕೊಡ್ಬೇಡಿ."

"ಯಾಕೆ? ನನ್ನ ಮೇಲೆ ಸಿಟ್ಟಿಲ್ವಾ ನಿನಗೆ?"

"ಬೇಕಾದಷ್ಟಿದೆ! ಅಮ್ಮನಿಗೆ ಇನ್ನೂ ಜಾಸ್ತಿ ಇದೆ, ಆ ಕಡೆ ಬರಬೇಡಿ ಒಂದು ವಾರ." ಮೂಗು ಒರೆಸಿಕೊಂಡಳು. "ಆದ್ರೆ ಆಸ್ಟ್ರಿಯಾದಲ್ಲಿ ಸಿಟ್ಟು ಬಂದಿದ್ದು ನೀವು ನಿಲ್ಲಿಸಿದ್ದಕ್ಕಲ್ಲ ಕೋಚ್. ಯಾಕೆ ಅಂತ ಕೇಳಿದ್ರೆ ಸುಮ್ಮನೆ ನಿಂತ್ರಲ್ಲ, ಅದಕ್ಕೆ. ನಿನ್ನೆ ಹೇಳಿದ್ರಿ. ಎಲ್ಲರ ಎದುರಿಗೆ ಹೇಳಿದ್ರಂತೆ. ಪಟ್ಟಿ ತಿರುಗಿದ್ರೆ ತಿರುಗಿದೆ ಅನ್ನಿ. ಭಯ ಆದ್ರೆ ಭಯ ಅನ್ನಿ. ಕೆಳಗಿಳಿದು ಬಂದು ಬೈತೀನಿ, ಅಷ್ಟೇ ತಾನೆ?"

"ಜಾಗ ಹೋದ್ರೆ?"

"ಹೋದ್ರೆ ಅಳ್ತೀನಿ," ಅಂದಳು. "ನಡೀರಿ, ಲೇಟಾಯ್ತು."

ನನ್ನ ಹದಿನೇಳರಲ್ಲಿ ಮೇಷ್ಟ್ರಿಗೆ ಹೀಗೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ ಇಷ್ಟು ಬರೆದು ಹೊರಟೆ. ಭಯ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ.

ಅದೇ ದಿನ, ಸಂಜೆ

ಅಡುಗೆಮನೆಯಲ್ಲಿ ತಿಂಕಾರಾ ಉರ್ಬಾನ್ ಜೊತೆ ಕೂತು ಚೀಸ್ ತುಂಬಿದ ಕಡುಬು ತಿನ್ನುತ್ತಿದ್ದಾಳೆ. ಮೂರನೇ ತಟ್ಟೆ ಅಂತ ಅವನು ಎಣಿಸುತ್ತಿದ್ದಾನೆ, ಲೆಕ್ಕ ಹಾಕಬೇಡಿ ಅಂತ ಅವಳು ಬೈಯುತ್ತಿದ್ದಾಳೆ. ದಾರಿಂಕಾ ಬಂದು ಕರೆದುಕೊಂಡು ಹೋಗುತ್ತಾಳಂತೆ. ಮನೆಯೊಳಗೆ ಬರುವುದಿಲ್ಲ, ಹಾರ್ನ್ ಮಾಡುತ್ತಾಳಂತೆ.

ಜಾಗದ ವಿಷಯ ನಾಳೆ. ಬೋಶ್ತ್ಯಾನ್ ಅಟ್ಟಣೆಯಲ್ಲಿ ನನ್ನ ಹಿಂದೆಯೇ ನಿಂತಿದ್ದ. ಅವಳು ಇಳಿದ ಮೇಲೆ ಏನೂ ಅನ್ನಲಿಲ್ಲ. ಅವನು ಏನೂ ಅನ್ನದೆ ಇದ್ದದ್ದನ್ನು ನಾನು ಈವರೆಗೆ ನೋಡಿಲ್ಲ. ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ದೂರ ಅಳೆಯಲಿಲ್ಲ, ಮುಂಜಿಗಿತ ಅಲ್ಲವೇ. ಆದರೆ ನನ್ನ ಕಣ್ಣಿಗೆ ಅಳತೆ ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಹೆದರಿಕೆ.

ಬರೆಯಬೇಕೆಂದು ಕೂತದ್ದು ಅದಕ್ಕಿಂತ ಮೊದಲಿನದು. ಮರೆಯುವ ಮುಂಚೆ. ಹಸಿರು ಬಂತು. ಮೇಲಿನ ಪಟ್ಟಿ ನೋಡಿದೆ. ನಡುವಿನದು. ಕೆಳಗಿನದು. ಮೂರೂ ಸರಿಯಿದ್ದವು. ಕೈ ಇಳಿಯಲಿಲ್ಲ. ಮೇಲೆ ಅವಳ ಹೆಲ್ಮೆಟ್ಟು, ನನ್ನ ಕಡೆಗೆ. ಇನ್ನೊಂದು ಕೈಯಲ್ಲಿ ರೇಡಿಯೋ ಇತ್ತು. ಯಾರೂ ಕೇಳಿರಲಿಲ್ಲ. ಗುಂಡಿ ಒತ್ತಿ ಅಂದೆ, "ಗಾಳಿ ಸರಿ ಇದೆ. ನಂಗೆ ಭಯ ಆಗ್ತಿದೆ." ಗುಡ್ಡದ ಮೇಲಿರುವ ಎಲ್ಲರ ರೇಡಿಯೋದಲ್ಲೂ ಕೇಳಿಸಿತು. ಅಟ್ಟಣೆಯವರು ತಿರುಗಿ ನೋಡಿದರು. ಬೋಶ್ತ್ಯಾನ್ ಕೆಮ್ಮಿದ. ರೇಡಿಯೋದವನು, "ಆಯ್ತು, ಕೇಳಿಸ್ತು" ಅಂದ, ಅಷ್ಟೇ. ಲೈಟು ಇನ್ನೂ ಹಸಿರಿತ್ತು. ಭಯ ಹೋಗಲಿಲ್ಲ. ಆಮೇಲೆ ಕೈ ಇಳಿಯಿತು.